ಮೊದಲು ಫೋನಿನೊಳಗಿನ ಆ ನಂಬರ್ ಅಳಿಸಿ

ಕರೆಂಟ್ ಹೋದಾಗ ಬೇಕಾಗುತ್ತದೆ ಅಂತ ಅಮ್ಮನ ಫೋನಿಗೆ ಯಾರೋ ಒಂದು ಟಾರ್ಚ್ ಆಪ್ ಹಾಕಿಕೊಟ್ಟಿದ್ದರು. ಮೊನ್ನೆ ಅದರ ಪರ್ಮಿಷನ್ ತೆಗೆದು ನೋಡಿದೆ. ಲೊಕೇಶನ್ ಆನ್, ಕಾಂಟ್ಯಾಕ್ಟ್ಸ್ ಆನ್. ಬೆಳಕು ಕೊಡೋಕೆ ಅಮ್ಮ ಎಲ್ಲಿದ್ದಾಳೆ ಅಂತ ಯಾಕೆ ಗೊತ್ತಾಗಬೇಕು? ಸೋದರಮಾವನ ನಂಬರ್ ಯಾಕೆ ಬೇಕು?

ಇದು ಹಳೇ ಚಾಳಿ. ಅಮೆರಿಕದಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಟಾರ್ಚ್ ಆಪ್ ಇತ್ತು. ಕೋಟಿಗಟ್ಟಲೆ ಜನ ಇಳಿಸಿಕೊಂಡಿದ್ದರು. ಅದು ಜನ ಇರುವ ಜಾಗ ಮತ್ತು ಫೋನಿನ ಗುರುತಿನ ಸಂಖ್ಯೆಯನ್ನು ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿದೆ ಎಂದು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಆರೋಪ ಹೊರಿಸಿತು. ಷರತ್ತು ಒಪ್ಪುತ್ತೀರಾ ಅಂತ ಪರದೆಯ ಮೇಲೆ ಕೇಳುವಾಗಲೇ ಮಾಹಿತಿ ಹೊರಟಿರುತ್ತಿತ್ತಂತೆ.

ಇದರಲ್ಲಿ ದುಡ್ಡು ಹೇಗೆ ಹುಟ್ಟುತ್ತದೆ? ನೀವು ಒಂದು ಉಚಿತ ಆಪ್ ತೆರೆದಿರಿ ಅನ್ನಿ. ಜಾಹೀರಾತಿನ ಜಾಗ ಖಾಲಿ ಇದೆ. ಆ ಕ್ಷಣವೇ ನಿಮ್ಮ ಫೋನಿನ ಮಾಡೆಲ್, ಹೆಚ್ಚುಕಡಿಮೆ ಯಾವ ಊರು, ಯಾವ ಆಪ್, ಜೊತೆಗೆ ಅಡ್ವರ್ಟೈಸಿಂಗ್ ಐಡಿ ಎಂಬ ಉದ್ದದ ಸಂಖ್ಯೆ, ಇಷ್ಟೂ ಒಂದು ಹರಾಜುಕಟ್ಟೆಗೆ ಹೋಗುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ಮುಗಿದು, ಜಾಸ್ತಿ ಕೂಗಿದವರ ಜಾಹೀರಾತು ನಿಮ್ಮ ಮುಂದೆ ಬರುತ್ತದೆ. ಆದರೆ ಅಡಿಕೆ ಮಂಡಿಯಲ್ಲಿ ಮಾಲು ಸಿಗದವನೂ ಮಾಲನ್ನು ಮುಟ್ಟಿ ನೋಡಿಯೇ ಹೋಗುತ್ತಾನೆ, ಅಲ್ವಾ? ಇಲ್ಲೂ ಹಾಗೇ. ಹರಾಜಿನಲ್ಲಿ ಸೋತವರ ಕೈಗೂ ನಿಮ್ಮ ವಿವರ ಸಿಕ್ಕಿರುತ್ತದೆ.

ಆ ಸಂಖ್ಯೆಯೇ ಇದರ ಕೀಲಿ. ಬೆಳಗ್ಗೆ ತೆರೆದ ಪಂಚಾಂಗದ ಆಪ್, ಮಧ್ಯಾಹ್ನದ ಸಾಲದ ಆಪ್, ರಾತ್ರಿಯ ಗೇಮ್, ಮೂರಕ್ಕೂ ಅದೇ ಸಂಖ್ಯೆ. ಹೆಸರು ಗೊತ್ತಿಲ್ಲದಿದ್ದರೂ ಬಿಡಿ ಮಣಿಗಳನ್ನು ಪೋಣಿಸಿ ಒಬ್ಬ ಮನುಷ್ಯನ ಚಿತ್ರ ಮಾಡಿಬಿಡಬಹುದು. ಹಾಗಾಗಿ ಮೊದಲು ದಾರವನ್ನೇ ಕತ್ತರಿಸೋಣ.

ಮೊದಲ ಕೆಲಸ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಪಟ್ಟಿಯಲ್ಲಿ ‘ಆಡ್ಸ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಇಟ್ಟಿರುತ್ತಾರೆ, ಹುಡುಕಿದರೆ ಬೇಗ ಸಿಗುತ್ತದೆ. ಒಳಗೆ ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಒತ್ತಿ. ಆಮೇಲೆ ಯಾವ ಆಪ್ ಆ ಸಂಖ್ಯೆ ಕೇಳಿದರೂ ಬರೀ ಸೊನ್ನೆಗಳು ಸಿಗುತ್ತವೆ. ಐಫೋನ್ ಆದರೆ ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ‘ಟ್ರ್ಯಾಕಿಂಗ್’ಗೆ ಹೋಗಿ, ನಿಮ್ಮ ಜಾಡು ಹಿಡಿಯಲು ಅನುಮತಿ ಕೇಳುವುದಕ್ಕೆ ಆಪ್‌ಗಳಿಗೆ ಬಿಡುವ ಸ್ವಿಚ್ ಆಫ್ ಮಾಡಿ. ಜಾಹೀರಾತು ನಿಲ್ಲುವುದಿಲ್ಲ, ಆದರೆ ಮಣಿಗಳನ್ನು ಪೋಣಿಸುವುದು ಕಷ್ಟವಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಆಪಲ್ ಈ ಅನುಮತಿಯನ್ನು ಕಡ್ಡಾಯ ಮಾಡಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳಬಹುದು ಅಂತ ಫೇಸ್‌ಬುಕ್‌ನ ಮೆಟಾ ಕಂಪನಿಯೇ ಹೇಳಿತು. ಒಂದು ಸ್ವಿಚ್ಚಿನ ಬೆಲೆ ಅದು.

ಎರಡನೆಯದು ಲೊಕೇಶನ್. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಪರ್ಮಿಷನ್ ಮ್ಯಾನೇಜರ್’ ಹುಡುಕಿ, ಲೊಕೇಶನ್ ಒತ್ತಿ. ‘ಅಲೋಡ್ ಆಲ್ ದ ಟೈಮ್’ ಎಂಬುದರ ಕೆಳಗೆ ಯಾರಿದ್ದಾರೆ ನೋಡಿ. ಆಟೋ ಕರೆಯುವ ಆಪ್‌ಗೆ ಅದನ್ನು ಬಳಸುವಾಗ ಮಾತ್ರ ಕೊಟ್ಟರೆ ಸಾಕು. ಹವಾಮಾನದ ಆಪ್‌ಗೆ ಊರು ಗೊತ್ತಾದರೆ ಸಾಕು, ನಿಮ್ಮ ಮನೆ ಬಾಗಿಲು ಬೇಡ. ಅದಕ್ಕೆ ‘ಪ್ರಿಸೈಸ್ ಲೊಕೇಶನ್’ ಆಫ್ ಮಾಡಿ. ಗೇಮಿಗೆ ಏನೂ ಬೇಡ.

ಕಾಂಟ್ಯಾಕ್ಟ್ಸ್ ಬಗ್ಗೆ ನನಗೆ ಜಾಸ್ತಿ ಸಂಕಟ. ಬೇರೆಲ್ಲ ನಮ್ಮ ಮಾಹಿತಿ. ಇದು ಮಾತ್ರ ಬೇರೆಯವರದ್ದು. ಪಕ್ಕದ ಮನೆಯ ಆಂಟಿ, ಮಗಳ ಟೀಚರ್, ಡಾಕ್ಟರು, ಇವರ್ಯಾರನ್ನೂ ಕೇಳದೆ ನಾವು ‘ಅಲೋ’ ಒತ್ತಿಬಿಡುತ್ತೇವೆ. ಅದೇ ಪರ್ಮಿಷನ್ ಮ್ಯಾನೇಜರಿನಲ್ಲಿ ಕಾಂಟ್ಯಾಕ್ಟ್ಸ್ ತೆರೆದು, ಫೋನ್ ಮಾಡಲು ಇಲ್ಲವೇ ಮೆಸೇಜ್ ಕಳಿಸಲು ಬಳಸದ ಎಲ್ಲ ಆಪ್‌ಗಳಿಂದ ಇದನ್ನು ಕಿತ್ತುಕೊಳ್ಳಿ.

ಗೂಗಲ್ ಖಾತೆ. ಇಲ್ಲಿ ಒಂದು ಸ್ವಿಚ್ ಸಾಲದು. ನೀವು ಹೋದ ಜಾಗಗಳನ್ನು ದಾಖಲಿಸುವ ‘ಲೊಕೇಶನ್ ಹಿಸ್ಟರಿ’ ಆಫ್ ಮಾಡಿದರೂ ಇನ್ನೊಂದು ದಾರಿಯಲ್ಲಿ ಜಾಗ ದಾಖಲಾಗುತ್ತಿತ್ತು ಎಂಬುದು 2018ರಲ್ಲಿ ಬಯಲಾಯಿತು. ಇದೇ ವಿಷಯಕ್ಕೆ 2022ರಲ್ಲಿ ಗೂಗಲ್ ಅಮೆರಿಕದ 40 ರಾಜ್ಯಗಳಿಗೆ 39 ಕೋಟಿ ಡಾಲರಿಗೂ ಮೇಲೆ ಕೊಟ್ಟು ರಾಜಿ ಮಾಡಿಕೊಂಡಿತು. ಆ ಇನ್ನೊಂದು ದಾರಿಯ ಹೆಸರು ‘ವೆಬ್ ಅಂಡ್ ಆಪ್ ಆಕ್ಟಿವಿಟಿ’. ಖಾತೆಯ ‘ಡೇಟಾ ಅಂಡ್ ಪ್ರೈವಸಿ’ ಪುಟದಲ್ಲಿದೆ. ಆಫ್ ಮಾಡಿ. ಆಗದಿದ್ದರೆ ಆಟೋ ಡಿಲೀಟ್ 3 ತಿಂಗಳಿಗೆ ಇಡಿ.

ಇಷ್ಟು ಮಾಡಿದರೂ ಒಂದು ದಾರ ಉಳಿಯುತ್ತದೆ: ನಿಮ್ಮ ಮೊಬೈಲ್ ನಂಬರ್. ಅಂಗಡಿಯ ಕೌಂಟರಿನಲ್ಲಿ ಸುಮ್ನೆ ಹೇಳಿಬಿಡುತ್ತೇವಲ್ಲ, ಅದೇ. ಗಿರಾಕಿಗಳ ನಂಬರ್ ಪಟ್ಟಿಯನ್ನು ಜಾಹೀರಾತು ಕಂಪನಿಗೆ ಕೊಟ್ಟು, ಆನ್‌ಲೈನ್‌ನಲ್ಲಿ ಅದೇ ಜನರನ್ನು ಹುಡುಕುವ ಸೌಲಭ್ಯವಿದೆ. ನಂಬರಿಗಾಗಿ ಒತ್ತಾಯಿಸಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ‘ನಂಬರ್ ಇಲ್ಲದೆ ಬಿಲ್ ಮಾಡಿ’ ಅಂತ ಕೇಳಲು ಸಂಕೋಚ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಮ್ಮನ ಫೋನಿನಿಂದ ಟಾರ್ಚ್ ಆಪ್ ತೆಗೆದು ಹಾಕಿದೆ. ‘ಅಯ್ಯೋ, ಕರೆಂಟ್ ಹೋದ್ರೆ ಏನೋ ಮಾಡ್ಲಿ?’ ಅಂದಳು. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು ತೋರಿಸಿದೆ. ಫೋನಿನ ಜೊತೆಗೇ ಬಂದ ಟಾರ್ಚ್ ಅಲ್ಲೇ ಇತ್ತು.