ಕಿಸೆಯಲ್ಲಿ ಮಡಚು ಚಾಕು: ಅಲಗಿಗಿಂತ ಬೆನ್ನಿನ ಸ್ಪ್ರಿಂಗೇ ಮುಖ್ಯ

ವಿಜಯಪುರ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ, ನಿಂಬೆ ತೋಟಗಳಲ್ಲಿ ದಿನ ಕಳೆಯುವವರಿಗೆ ಕಿಸೆಯಲ್ಲಿ ಚಾಕು ಇಲ್ಲದಿದ್ದರೆ ಕೈ ಕಟ್ಟಿಹಾಕಿದಂತೆ. ಗೊಬ್ಬರದ ಚೀಲದ ದಾರ, ಸುತಳಿ, ಡ್ರಿಪ್ಪಿನ ಪೈಪು, ಮಧ್ಯಾಹ್ನದ ಬುತ್ತಿಗೆ ಒಂದು ಉಳ್ಳಾಗಡ್ಡಿ, ಎಲ್ಲಕ್ಕೂ ಅದೇ. ನಾನು ಇಟ್ಟುಕೊಳ್ಳುವುದು ಸ್ಲಿಪ್‌ಜಾಯಿಂಟ್. ಲಾಕ್ ಇಲ್ಲ, ಗುಂಡಿ ಇಲ್ಲ. ಹಿಡಿಕೆಯ ಬೆನ್ನಿಗಿರುವ ಉಕ್ಕಿನ ಪಟ್ಟಿಯ ಒತ್ತಡವೊಂದರ ಮೇಲೆಯೇ ಅಲಗು ತೆರೆದು ನಿಲ್ಲುತ್ತದೆ, ಮಡಚಿ ಕೂರುತ್ತದೆ. ವಿಕ್ಟೋರಿನಾಕ್ಸ್‌ನ 91 ಮಿ.ಮೀ. ಕೆಂಪು ಚಾಕು ಎಲ್ಲರೂ ನೋಡಿದ್ದಾರೆ. ಅದೂ ಇದೇ ಜಾತಿ. ಮಡಚುವ ಕಸಿ ಚಾಕುಗಳಲ್ಲಿ ಬಹಳಷ್ಟು ಇದೇ ಜಾತಿ.

ಇದರ ಕೆಲಸ ಅರ್ಥವಾಗಬೇಕಾದರೆ ಅಲಗಿನ ಬುಡ ನೋಡಬೇಕು. ಹಿಡಿಕೆಯೊಳಗೆ ಸೇರಿರುವ ಆ ಬುಡ ಹೆಚ್ಚುಕಡಿಮೆ ಚೌಕ. ಸ್ಪ್ರಿಂಗ್ ಒಂದು ತುದಿಗೂ ನಡುವಿಗೂ ರಿವೆಟ್ಟಿನಿಂದ ಬಿಗಿಯಾಗಿದ್ದು, ಇನ್ನೊಂದು ತುದಿ ಸ್ವತಂತ್ರವಾಗಿ ಆ ಚೌಕದ ಮೇಲೆ ಒತ್ತುತ್ತಿರುತ್ತದೆ. ಚೌಕದ ಒಂದು ಮೈ ಸ್ಪ್ರಿಂಗಿಗೆ ಸಮವಾಗಿ ಕೂತರೆ ಚಾಕು ತೆರೆದಿದೆ, ಎದುರಿನ ಮೈ ಕೂತರೆ ಮಡಚಿದೆ. ನಡುವಿನ ಮೈಯೂ ಚಪ್ಪಟೆಯಾಗಿದ್ದರೆ ಅಲಗು 90 ಡಿಗ್ರಿಯಲ್ಲಿ ಒಮ್ಮೆ ತಡೆದು ನಿಲ್ಲುತ್ತದೆ. ಈ ಅರ್ಧ ನಿಲುಗಡೆ ಬೆರಳು ಉಳಿಸುವ ಸಂಗತಿ. ಮಡಚುವಾಗ ಅಲ್ಲಿ ನಿಲ್ಲಿಸಿ, ನಾಲ್ಕೂ ಬೆರಳು ಹಿಡಿಕೆಯ ಬಾಯಿಯಿಂದ ಆಚೆ ಇವೆಯೇ ನೋಡಿ, ಆಮೇಲೆ ಅಂಗೈಯಿಂದ ಅಲಗಿನ ಬೆನ್ನನ್ನು ಒತ್ತಿ ಮುಚ್ಚುತ್ತೇನೆ. ಒಂದೇ ಕೈಯಲ್ಲಿ ಮುಚ್ಚುವ ಚಾಕು ಇದಲ್ಲ.

ಕೊಳ್ಳುವಾಗ ಹೊಳಪು ನೋಡಬೇಡಿ, ಬೆನ್ನು ನೋಡಿ. ತೆರೆದಾಗ, ಅರ್ಧದಲ್ಲಿ, ಮುಚ್ಚಿದಾಗ, ಈ ಮೂರೂ ಸ್ಥಿತಿಯಲ್ಲಿ ಸ್ಪ್ರಿಂಗ್ ಹಿಡಿಕೆಯ ಅಂಚಿಗೆ ಸಮವಾಗಿದ್ದರೆ ಮಾಡಿದವರ ಕೈ ಚಲೋ ಇದೆ. ಬೆಳಕಿಗೆ ಹಿಡಿದಾಗ ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಸಂದು ಕಂಡರೆ ಬಿಟ್ಟುಬಿಡಿ. ಆ ಸಂದಿಗೆ ಎರೆಮಣ್ಣಿನ ಧೂಳು ಹೋಗಿ ಕೂರುತ್ತದೆ, ಹೊರಗೆ ಬರುವುದಿಲ್ಲ. ತೆರೆದ ಅಲಗನ್ನು ಎಡಕ್ಕೂ ಬಲಕ್ಕೂ ಅಲುಗಿಸಿದರೆ ಟಕ್‌ಟಕ್ ಅನ್ನಬಾರದು. ಎಳೆತ ಎಷ್ಟಿರಬೇಕೆಂದರೆ, ಅಲಗಿನ ಮೇಲೆ ಉಗುರಿಗೆಂದೇ ಕೊರೆದ ಗೀರಿಗೆ ಉಗುರು ಹಾಕಿ ಎತ್ತಿದಾಗ ಉಗುರು ನೋಯಬಾರದು, ಆದರೆ ಹಿಡಿಕೆ ಹಿಡಿದು ಜಾಡಿಸಿದರೆ ಅಲಗು ಕದಲಲೂ ಬಾರದು. ಬಹಳ ಬಿಗಿ ಇರುವುದನ್ನು ಗಟ್ಟಿ ಚಾಕು ಎಂದು ಕೊಳ್ಳುವವರಿದ್ದಾರೆ. ಬೆವರಿದ ಕೈಗೆ ಅದೇ ಅಪಾಯ, ಉಗುರು ಜಾರಿ ಅಲಗು ಮರಳಿ ಬೆರಳಿನ ಮೇಲೆ ಬಡಿಯುತ್ತದೆ.

ಅಲಗು 6ರಿಂದ 7 ಸೆಂ.ಮೀ. ಉದ್ದ, ಬೆನ್ನಿನಲ್ಲಿ 2 ಮಿ.ಮೀ. ದಪ್ಪ ಇದ್ದರೆ ಸಾಕು. ತೋಟದಲ್ಲಿ ಓಡಾಡುವವರಿಗೆ ಎರಡು ಅಲಗಿನದು ಬೇಕೇ ಬೇಕು. ಒಂದು ತಿನ್ನುವುದಕ್ಕೆ ಮಾತ್ರ, ಇನ್ನೊಂದು ಉಳಿದ ಎಲ್ಲಕ್ಕೂ. ಬೆಳೆಗೆ ಹೊಡೆಯುವ ಔಷಧಿಯ ಪಾಕೀಟು ಕತ್ತರಿಸಿದ ಅಲಗಿನಿಂದ ಸವತೆಕಾಯಿ ಹೆಚ್ಚಬಾರದು, ತೊಳೆದಿದ್ದೇನೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ನಾನು ಚೂಪು ತುದಿಯ ದೊಡ್ಡ ಅಲಗನ್ನು ಊಟಕ್ಕೂ ಹಣ್ಣಿಗೂ, ನೇರ ಅಂಚು ಮತ್ತು ಮೊಂಡು ತುದಿಯ ಅಲಗನ್ನು ಚೀಲ, ಸುತಳಿ, ಪೈಪಿಗೂ ಮೀಸಲಿಟ್ಟಿದ್ದೇನೆ. ಮೊಂಡು ತುದಿಗೆ ಇನ್ನೊಂದು ಗುಣವಿದೆ: ಚೀಲ ಸೀಳುವಾಗ ಒಳಗಿನ ಮಾಲಿಗೂ ಕೆಳಗಿರುವ ಕೈಗೂ ಚುಚ್ಚುವುದಿಲ್ಲ.

ಈಗ ಒತ್ತಡದ ದಿಕ್ಕಿನ ಮಾತು. ಲಾಕ್ ಇಲ್ಲದ ಚಾಕು ಕೆಟ್ಟದ್ದೆಂದು ಹೇಳುವವರು ಸಾಮಾನ್ಯವಾಗಿ ಅದರಿಂದ ಚುಚ್ಚಲು ಹೋದವರು. ಅಂಚಿನ ಕಡೆಯಿಂದ ಬರುವ ಒತ್ತಡ ಅಲಗನ್ನು ಇನ್ನಷ್ಟು ತೆರೆಯುವ ಕಡೆಗೆ ತಳ್ಳುತ್ತದೆ, ಬುಡ ಸ್ಪ್ರಿಂಗಿಗೆ ತಾಗಿ ನಿಲ್ಲುತ್ತದೆ, ಚಾಕು ಅಲುಗುವುದಿಲ್ಲ. ಬೆನ್ನಿನ ಕಡೆಯಿಂದ ಒತ್ತಡ ಬಂದರೆ ಮಾತ್ರ ಮಡಚಿಕೊಳ್ಳುತ್ತದೆ. ಅದು ಬರುವುದು ಎರಡು ಹೊತ್ತಿನಲ್ಲಿ. ತುದಿಯಿಂದ ಚುಚ್ಚಿದಾಗ ತುದಿ ಜಾರಿದರೆ ಒಂದು. ಗಟ್ಟಿ ವಸ್ತುವಿನಲ್ಲಿ ಸಿಕ್ಕ ಅಲಗನ್ನು ಹಿಂದಕ್ಕೆ ಕೀಳುವಾಗ ಇನ್ನೊಂದು. ಕಬ್ಬಿನ ಗೆಣ್ಣಿನಲ್ಲಿ ಅಲಗು ಕಚ್ಚಿಕೊಂಡಾಗ ಆಗುವುದು ಇದೇ: ಬಿಡಿಸಲು ಮೇಲಕ್ಕೆ ಎತ್ತುತ್ತೀರಿ, ಬೆನ್ನಿಗೆ ಕಬ್ಬಿನ ಭಾರ ಬೀಳುತ್ತದೆ, ಅಲಗು ಬೆರಳಿನ ಮೇಲೆ ಮುಚ್ಚುತ್ತದೆ. ಕಬ್ಬಿನ ಸಿಪ್ಪೆ ಹೆರೆಯಬಹುದು, ಗೆಣ್ಣು ಕಡಿಯಬಾರದು, ಅದಕ್ಕೆ ಕುಡುಗೋಲು ಇದೆ. ಸಿಕ್ಕಿಕೊಂಡಿತೋ, ಎತ್ತಬೇಡಿ. ಹಿಡಿಕೆಯ ನೇರಕ್ಕೆ ಹಿಂದಕ್ಕೆ ಎಳೆದು ಬಿಡಿಸಿ.

ಸುತಳಿಗೆ ಒಳಗಿನಿಂದ ಹೊರಗೆ ಅಲಗು ಹಾಕಿ, ದಾರವನ್ನು ಅಲಗಿನ ಬುಡದ ಹತ್ತಿರ ಇಟ್ಟು ಎಳೆಯುವುದು. ತುದಿಯ ಹತ್ತಿರ ಇಟ್ಟರೆ ದಾರ ಜಾರುತ್ತದೆ, ಅಂಚೂ ಬೇಗ ಸವೆಯುತ್ತದೆ. 16 ಮಿ.ಮೀ. ಡ್ರಿಪ್ ಲ್ಯಾಟರಲ್ ಕತ್ತರಿಸುವಾಗ ಪೈಪನ್ನು ಹಲಗೆಯ ಮೇಲಿಟ್ಟು, ಅಲಗನ್ನು ಅಡ್ಡ ಇಟ್ಟು, ಪೈಪನ್ನು ಉರುಳಿಸುತ್ತಾ ಸುತ್ತ ಗೀರಿದರೆ ಬಾಯಿ ನೇರ ಬರುತ್ತದೆ. ಜಾಯಿನರ್ ಬಿಗಿಯಾಗಿ ಕೂರಲು ಆ ನೇರ ಬಾಯಿ ಬೇಕು. ಓರೆ ಕತ್ತರಿಸಿದ ಪೈಪು ಒತ್ತಡ ಬಂದ ಕೂಡಲೇ ಸೋರುತ್ತದೆ.

ಕಸಿಗೆ ಈ ಚಾಕು ಬೇಡ. ದ್ರಾಕ್ಷಿಯ ಡಾಗ್‌ರಿಜ್ ಬೇರುಕಾಂಡದ ಮೇಲೆ ಬೆಣೆ ಕಸಿ ಮಾಡುವಾಗ ಎರಡೂ ಕಡೆಯ ಗಾಯ ಕನ್ನಡಿಯಂತೆ ಸಮವಾಗಿರಬೇಕು. ಕಸಿ ಚಾಕುವಿನ ಒಂದೇ ಬದಿಯ ಸಾಣೆ ಇರುವುದು ಅದಕ್ಕೇ. ಎರಡೂ ಬದಿ ಸಾಣೆಯ ಕಿಸೆ ಚಾಕು ಕಟ್ಟಿಗೆಯಲ್ಲಿ ತಾನೇ ದಾರಿ ಹುಡುಕಿಕೊಂಡು ಬಾಗುತ್ತದೆ. ದಾಳಿಂಬೆ ತೋಟದಲ್ಲಂತೂ ಇನ್ನೊಂದು ಎಚ್ಚರ: ದುಂಡಾಣು ಅಂಗಮಾರಿ, ನಮ್ಮ ಕಡೆಯವರು ತೇಲ್ಯಾ ಅನ್ನುವುದು, ಚಾಕು ಕತ್ತರಿಯ ಮೇಲೆ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಕತ್ತರಿಯನ್ನು ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುತ್ತಾರೆ, ಸರಿಯೇ. ಕಾರ್ಬನ್ ಉಕ್ಕಿನ ಮಡಚು ಚಾಕುವನ್ನು ಅದರಲ್ಲಿ ಅದ್ದಿದರೆ ದ್ರಾವಣ ಸ್ಪ್ರಿಂಗಿನ ಕೆಳಗೆ ನಿಂತು ಒಳಗಿಂದೊಳಗೆ ತಿನ್ನುತ್ತದೆ. ಹಾಗಾಗಿ ಕಿಸೆ ಚಾಕುವಿನಿಂದ ದಾಳಿಂಬೆ ಟೊಂಗೆ ಮುಟ್ಟುವುದೇ ಇಲ್ಲ.

ಉಕ್ಕಿನ ಆಯ್ಕೆ ಎರಡೇ. ಸ್ಟೇನ್‌ಲೆಸ್ ತುಕ್ಕು ತಡೆಯುತ್ತದೆ. 1095ರಂಥ ಕಾರ್ಬನ್ ಉಕ್ಕು, ಅಂದರೆ ಸುಮಾರು 0.95 ಶೇಕಡಾ ಇಂಗಾಲವಿರುವುದು, ಬೇಗ ಹರಿತಗೊಳ್ಳುತ್ತದೆ, ಆದರೆ ಆರೈಕೆ ಕೇಳುತ್ತದೆ. ದಿನವೂ ನಿಂಬೆ ಹೆಚ್ಚುವವರು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ನಮ್ಮ ಇಂಡಿ ತಾಲೂಕಿನ ನಿಂಬೆಯ ರಸ ಕಾರ್ಬನ್ ಅಲಗಿನ ಮೇಲೆ ಹತ್ತು ನಿಮಿಷ ಒಣಗಿದರೂ ಬೂದು ಕಲೆ ಬೀಳುತ್ತದೆ, ರಾತ್ರಿಯೆಲ್ಲ ಬಿಟ್ಟರೆ ಅಂಚಿನಲ್ಲಿ ಸಣ್ಣ ಗುಳಿಗಳಾಗುತ್ತವೆ. ನನಗೆ ಕಾರ್ಬನ್ನೇ ಇಷ್ಟ, ಕಾರಣ ಅದರ ಬಣ್ಣವೂ ಹೌದು. ದಾಳಿಂಬೆ ಬಿಡಿಸಿದ ಅಲಗನ್ನು ಗಮನಿಸಿ ನೋಡಿ. ಸಿಪ್ಪೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರುತ್ತಿದ್ದಂತೆ ಅಂಚಿನಿಂದ ಮೇಲಕ್ಕೆ ಮೊದಲು ನಸುನೀಲಿ, ಆಮೇಲೆ ಮಸಿಯಂಥ ಕಪ್ಪು ಏರುತ್ತದೆ. ಹಿಂದಿನ ಕಾಲದ ಬರೆಯುವ ಮಸಿ ಆಗುತ್ತಿದ್ದದ್ದೂ ಟ್ಯಾನಿನ್ ಮತ್ತು ಕಬ್ಬಿಣದ ಇದೇ ಸೇರುವಿಕೆಯಿಂದ. ಆ ಕಪ್ಪು, ಬೂದು ಪದರ ಒರೆಸಿದರೆ ಹೋಗುವುದಿಲ್ಲ, ಕೆಂಪು ತುಕ್ಕಿಗೆ ಸ್ವಲ್ಪ ತಡೆಯೂ ಆಗುತ್ತದೆ. ಅದನ್ನು ಉಜ್ಜಿ ತೆಗೆಯಬೇಡಿ. ಬೆರಳಿಗೆ ಕೆಂಪು ಪುಡಿ ಅಂಟಿದರೆ ಮಾತ್ರ ಅದು ತುಕ್ಕು, ಎಣ್ಣೆ ಹಚ್ಚಿ ಅಂದೇ ತೆಗೆಯಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆ ಆಗುವ ದೊಡ್ಡ ತಪ್ಪು ಕುಸುಬಿ ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಅದೇ, ಹಾಕಿದ ದಿನ ಚಾಕು ಬೆಣ್ಣೆಯಂತೆ ತಿರುಗುತ್ತದೆ. ಆದರೆ ಕುಸುಬಿ ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ, ಬಣ್ಣ ತಯಾರಿಕೆಗೂ ಅದಕ್ಕೇ ಬಳಸುತ್ತಾರೆ. ಕೆಲವೇ ವಾರಗಳಲ್ಲಿ ಕೀಲಿನಲ್ಲಿ ಜೇನಿನಂತೆ ಅಂಟಾಗಿ, ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡುವುದಿಲ್ಲ, ಆದರೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಮುಂಜಾನೆ ಅಲಗು ಏಳುವುದೇ ಇಲ್ಲ. ಹೊಲಿಗೆ ಯಂತ್ರದ ಎಣ್ಣೆ ಕೀಲಿಗೆ ಚೆನ್ನ, ತಿನ್ನುವ ಅಲಗಿಗೆ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಎರಡಕ್ಕೂ ಆಗುತ್ತದೆ. ಸುವಾಸನೆ, ಬೇರೆ ಔಷಧಿ ಬೆರೆಸದ ಬರೀ ಎಣ್ಣೆ ಕೇಳಿ ತೆಗೆದುಕೊಳ್ಳಿ. ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ.

ತೊಳೆಯುವುದು ಹದಿನೈದು ದಿನಕ್ಕೊಮ್ಮೆ, ದ್ರಾಕ್ಷಿ ಕಟಾವಿನಲ್ಲಿ ವಾರಕ್ಕೊಮ್ಮೆ, ಏಕೆಂದರೆ ಸಿಹಿ ರಸ ಕೀಲಿಗಿಳಿದು ಒಣಗಿದರೆ ಗೋಂದಿನ ಕೆಲಸ ಮಾಡುತ್ತದೆ. ಬೆಚ್ಚನೆಯ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಕೀಲಿನ ತುದಿಯನ್ನಷ್ಟೇ ನೀರಿನಲ್ಲಿ ಹಿಡಿದು ಇಪ್ಪತ್ತು ಸಲ ತೆರೆದು ಮುಚ್ಚಬೇಕು. ಎಲುಬು, ಕೋಡು, ಕಟ್ಟಿಗೆಯ ಹಿಡಿಕೆಯನ್ನು ಪೂರ್ತಿ ನೆನೆಸಬಾರದು. ಹಿಡಿಕೆಯೊಳಗೆ ಅಲಗು ಕೂರುವ ತೋಡಿನಲ್ಲಿ ಸೇರಿದ ಕಸವನ್ನು ಹಲ್ಲುಕಡ್ಡಿಯಿಂದ ಕೆದರಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬಟ್ಟೆಯಿಂದ ಒರೆಸಿ, ಅಲಗನ್ನು ಅರ್ಧ ತೆರೆದು ಗಾಳಿಗೆ ಒಂದು ತಾಸು ಇಡಿ. ಆಮೇಲೆ ಕೀಲಿನ ಎರಡೂ ಬದಿಗೆ ಒಂದೊಂದು ಹನಿ ಎಣ್ಣೆ. ಹತ್ತು ಸಲ ಆಡಿಸಿ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದರೆ ಕಪ್ಪು ಕೆಸರು ಬರುತ್ತದೆ. ಅದರಲ್ಲಿ ಮಣ್ಣಷ್ಟೇ ಅಲ್ಲ, ಸವೆದ ಹಿತ್ತಾಳೆ ಮತ್ತು ಉಕ್ಕಿನ ಪುಡಿಯೂ ಇರುತ್ತದೆ. ಬಟ್ಟೆಗೆ ಬಣ್ಣ ಅಂಟುವುದು ನಿಲ್ಲುವವರೆಗೆ ಮತ್ತೆ ಹನಿ, ಮತ್ತೆ ಒರೆಸುವುದು. ಸಾಮಾನ್ಯವಾಗಿ ಮೂರು ನಾಲ್ಕು ಸುತ್ತು. ಸ್ಪ್ರಿಂಗಿನ ಒಳಮೈಗೂ ಎಣ್ಣೆಯ ಬೆರಳು ಸೋಕಿಸಿ. ಯಾರೂ ನೋಡದ ಆ ಒಳಮೈಯಲ್ಲಿ ತುಕ್ಕಿನ ಗುಳಿ ಬಿದ್ದರೆ ಸ್ಪ್ರಿಂಗ್ ಅಲ್ಲಿಂದಲೇ ಮುರಿಯಬಹುದು. ಮುರಿದ ಸ್ಪ್ರಿಂಗ್ ಹಾಕಬೇಕೆಂದರೆ ಎಲ್ಲ ರಿವೆಟ್ಟು ಕಿತ್ತು ಚಾಕುವನ್ನೇ ಹೊಸದಾಗಿ ಕಟ್ಟಬೇಕು.

ಸೈಕಲ್ಲಿನ ಮೇಲೆ ಸಾಣೆ ಚಕ್ರ ತರುವವರಿಗೆ ಅಡುಗೆಮನೆಯ ಈಳಿಗೆ ಕೊಡಿ, ಇದನ್ನು ಕೊಡಬೇಡಿ. ನೀರಿಲ್ಲದೆ ಜೋರಾಗಿ ತಿರುಗುವ ಚಕ್ರಕ್ಕೆ ತೆಳ್ಳನೆಯ ಅಂಚು ಕ್ಷಣದಲ್ಲಿ ಕಾಯುತ್ತದೆ. ಕಾರ್ಬನ್ ಅಲಗಿನ ಹದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಅಂಚು ನೀಲಿ ತಿರುಗಿತೆಂದರೆ 300ರ ಹತ್ತಿರ ಹೋಗಿದೆ, ಅಲ್ಲಿ ಉಕ್ಕು ಮೆತ್ತಗಾಗಿದೆ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮನೆಯಲ್ಲಿ 1000 ನಂಬರಿನ ನೀರಿನ ಕಲ್ಲು ಸಾಕು, ಅಂಚು ಮುಕ್ಕಾಗಿದ್ದರೆ ಮಾತ್ರ 400. ಕಲ್ಲನ್ನು ಹತ್ತು ನಿಮಿಷ ನೆನೆಸಿ. 12 ಮಿ.ಮೀ. ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ ಸುಮಾರು 3.5 ಮಿ.ಮೀ. ಎತ್ತಿದರೆ 17 ಡಿಗ್ರಿ ಕೋನ ಸಿಗುತ್ತದೆ. ಕೋನ ಸರಿಯಿದೆಯೇ ತಿಳಿಯಲು ಅಂಚಿಗೆ ಕಪ್ಪು ಮಾರ್ಕರ್ ಬಳಿದು ಎರಡು ಸಲ ಎಳೆದು ನೋಡಿ: ಮಸಿ ಮೇಲ್ಭಾಗದಲ್ಲಷ್ಟೇ ಹೋದರೆ ಬೆನ್ನು ತೀರಾ ಕೆಳಗಿದೆ, ಅಂಚಿನ ಗೆರೆಯಲ್ಲಷ್ಟೇ ಹೋದರೆ ಮೇಲಿದೆ. ಒಂದು ಬದಿ ಮಸೆದಾಗ ಎದುರು ಬದಿಯಲ್ಲಿ ಬುಡದಿಂದ ತುದಿಯವರೆಗೆ ಕೂದಲಿನಂಥ ಮುಳ್ಳು ಬೆರಳಿಗೆ ಹತ್ತಬೇಕು. ಹತ್ತಿದ ಮೇಲೆಯೇ ಬದಿ ಬದಲಿಸುವುದು. ಕೊನೆಗೆ ಕೈ ಹಗುರ ಮಾಡುತ್ತಾ ಬಂದು, ಹಳೆಯ ಚರ್ಮದ ಬೆಲ್ಟಿನ ಒಳಮೈಯಲ್ಲಿ ಬೆನ್ನು ಮುಂದಾಗಿ ಹದಿನೈದು ಸಲ ಒರೆಸಿದರೆ ಉಳ್ಳಾಗಡ್ಡಿಯ ಸಿಪ್ಪೆ ತಾನೇ ಬಿಚ್ಚಿಕೊಳ್ಳುತ್ತದೆ.

ಮಸೆದದ್ದು ಎರಡೇ ದಿನಕ್ಕೆ ಒಂದೇ ಜಾಗದಲ್ಲಿ ಮೊಂಡಾಗುತ್ತಿದ್ದರೆ ತಪ್ಪು ಕಲ್ಲಿನದಲ್ಲ. ಮುಚ್ಚುವಾಗ ಅಂಚು ಒಳಗಿನ ಸ್ಪ್ರಿಂಗಿಗೆ ಬಡಿಯುತ್ತಿದೆ. ತೆಳು ಕಾಗದದ ಪಟ್ಟಿಯನ್ನು ಅಲಗು ಕೂರುವ ತೋಡಿನ ತಳಕ್ಕೆ ಇಟ್ಟು ಮುಚ್ಚಿ ತೆರೆಯಿರಿ, ಕಾಗದ ಕತ್ತರಿಸಿದ್ದರೆ ಅದೇ ರೋಗ. ಟಪ್ ಎಂದು ಬಿಡದೆ ಕೊನೆಯವರೆಗೆ ಕೈಯಿಂದಲೇ ಇಳಿಸಿ ಮುಚ್ಚಿದರೆ ಬಹುಪಾಲು ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದದ್ದು, ಮುಚ್ಚಿದ ಮೇಲೂ ತುದಿ ಹೊರಗೆ ಇಣುಕಿ ಕಿಸೆ ಹರಿಯುವುದು. ಅಲಗಿನ ಬುಡದಲ್ಲಿ ಅಂಚು ಶುರುವಾಗುವ ಮೊದಲಿರುವ ಸಣ್ಣ ಉಬ್ಬು ಮುಚ್ಚಿದಾಗ ಸ್ಪ್ರಿಂಗಿನ ಮೇಲೆ ಕೂರುತ್ತದೆ. ಅದನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿದರೆ ತುದಿ ಒಳಗಿಳಿಯುತ್ತದೆ. ಎರಡೇ ಸಲ ಉಜ್ಜಿ, ಮುಚ್ಚಿ ನೋಡಿ. ಹೆಚ್ಚು ಉಜ್ಜಿದರೆ ಅಂಚು ಸ್ಪ್ರಿಂಗಿಗೆ ಬಡಿಯಲು ಶುರು, ಮರಳಿ ಸೇರಿಸಲು ದಾರಿಯಿಲ್ಲ.

ಕಿಸೆಯಲ್ಲಿ ಚಿಲ್ಲರೆ, ಬೀಗದ ಕೈ ಜತೆ ಹಾಕಬೇಡಿ. ಎಲೆ ಅಡಿಕೆಯ ಚಂಚಿಯಂತೆ ದಪ್ಪ ಖಾದಿಯ ಪುಟ್ಟ ಚೀಲ ಹೊಲಿಸಿಕೊಂಡಿದ್ದೇನೆ, ಬೆವರು ಹೀರುತ್ತದೆ, ತಿಂಗಳಿಗೊಮ್ಮೆ ಒಗೆಯಬಹುದು. ನೆಹರು ಅಂಗಿಯ ಪಕ್ಕದ ಕಿಸೆ ಆಳವಿರುವುದರಿಂದ ಅಲ್ಲಿ ಕ್ಷೇಮ. ಚರ್ಮದ ಒರೆ ದಿನದ ಓಡಾಟಕ್ಕೆ ಸರಿ, ಆದರೆ ಅದರೊಳಗೇ ತಿಂಗಳುಗಟ್ಟಲೆ ಬಿಟ್ಟರೆ ತೇವ ಹಿಡಿದು ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಎಲುಬು, ಕಟ್ಟಿಗೆ ಹಿಡಿಕೆ ಕುಗ್ಗಿ ಹಿತ್ತಾಳೆ ತಗಡಿನ ಅಂಚು ಕೈಗೆ ತಾಗುತ್ತದೆ. ಬೈಕಿನ ಡಿಕ್ಕಿಯಲ್ಲಿ ಬಿಡದಿದ್ದರೆ, ಆಗಾಗ ಒಂದು ಹನಿ ಪ್ಯಾರಾಫಿನ್ ಉಜ್ಜಿದರೆ ಹಿಡಿಕೆ ಸೀಳುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ಶಸ್ತ್ರಾಸ್ತ್ರ ನಿಯಮಗಳಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆ ಮತ್ತು ಒಕ್ಕಲುತನದ ಸಲಕರಣೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮದು ಮೂರು ಇಂಚೂ ಇಲ್ಲ. ಹಾಗೆಂದು ಗುಂಡಿ ಒತ್ತಿದರೆ ಚಿಮ್ಮುವ ಚಾಕು ಇಟ್ಟುಕೊಳ್ಳಬೇಡಿ, ಅದನ್ನು ಪೊಲೀಸರು ನೋಡುವ ಕಣ್ಣೇ ಬೇರೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗುವಾಗ ಕೈಚೀಲದಲ್ಲಿ ನಡೆಯುವುದಿಲ್ಲ, ಸಾಮಾನಿನ ಚೀಲದಲ್ಲಿ ಹಾಕಿ ಒಪ್ಪಿಸಬೇಕು. ಕೋರ್ಟು, ಚುನಾವಣಾ ಸಭೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲ, ಇಂಥ ದಿನ ಮನೆಯಲ್ಲೇ ಇರಲಿ.

ಇನ್ನು ಯಾರಾದರೂ "ಅಣ್ಣಾರ, ಸ್ವಲ್ಪ ಚಾಕು ಕೊಡ್ರಿ" ಅಂದಾಗ ಮಡಚಿಯೇ ಕೊಡುತ್ತೇನೆ, "ಲಾಕ್ ಇಲ್ರೀ, ಚುಚ್ಚಬ್ಯಾಡ್ರಿ" ಅಂತ ಹೇಳಿಯೇ ಕೊಡುತ್ತೇನೆ. ಮರಳಿ ಬಂದಾಗ ಮೊದಲು ಅಲಗಿನ ಬುಡ ಒರೆಸಿ, ಆಮೇಲೆ ಮುಚ್ಚುವುದು.