ಊರಿನ ಹೈಸ್ಕೂಲ್ ತಂಡದ ಬೆನ್ನಿಗೆ ನಿಲ್ಲುವುದು ಹೇಗೆ?

ಗೆದ್ದ ದಿನ ಊರೆಲ್ಲ ಸೇರುತ್ತದೆ. ಮೆರವಣಿಗೆ, ಸನ್ಮಾನ, ಫೋಟೊ ಎಲ್ಲವೂ ಆಗುತ್ತದೆ. ಅದೇ ಮಕ್ಕಳು ಮುಂದಿನ ಸೋಮವಾರ ಸಂಜೆ ಕಲ್ಲೆದ್ದ ಮೈದಾನದಲ್ಲಿ ಗಾಳಿ ಇಳಿದ ಚೆಂಡು ಹಿಡಿದು ನಿಂತಿರುತ್ತಾರೆ, ಆಗ ನೋಡಲು ಒಬ್ಬರೂ ಇರುವುದಿಲ್ಲ. ಸಣ್ಣ ಊರಿನ ಶಾಲಾ ಕ್ರೀಡೆಗೆ ಬೇಕಿರುವುದು ಆ ಸೋಮವಾರ ಬರುವ ಜನ.

ಸಣ್ಣ ಶಾಲೆ ದೊಡ್ಡದನ್ನು ಸೋಲಿಸುವುದು ಕಥೆಯಲ್ಲಷ್ಟೇ ಅಲ್ಲ. 1954ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಮಿಲನ್ ಎಂಬ ಪುಟ್ಟ ಊರಿನ ಹೈಸ್ಕೂಲ್ ರಾಜ್ಯ ಬ್ಯಾಸ್ಕೆಟ್‌ಬಾಲ್ ಫೈನಲ್‌ಗೆ ಬಂತು. ಇಡೀ ಶಾಲೆಯಲ್ಲಿ ಇದ್ದದ್ದು 161 ವಿದ್ಯಾರ್ಥಿಗಳು. ಎದುರಾಳಿ ಮನ್ಸಿ ಸೆಂಟ್ರಲ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಶಾಲೆ. ಬಾಬಿ ಪ್ಲಂಪ್ ಎಂಬ ಹುಡುಗ ಕೊನೆಯ ಕ್ಷಣಗಳಲ್ಲಿ ಎಸೆದ ಚೆಂಡು ಬುಟ್ಟಿಗೆ ಬಿದ್ದು ಮಿಲನ್ 32–30ರಿಂದ ಗೆದ್ದಿತು. ಎಲ್ಲ ಊರಿಗೂ ಇಂಥ ಗೆಲುವು ಸಿಗುವುದಿಲ್ಲ. ಆದರೆ ಮಕ್ಕಳು ಪ್ರತಿದಿನ ಆಡುವಂತೆ ನೋಡಿಕೊಳ್ಳುವುದು ಯಾವ ಊರಿನ ಕೈಲಾದರೂ ಆಗುವ ಕೆಲಸ.

ಮೊದಲು ಕೇಳಿ, ಆಮೇಲೆ ಕೊಡಿ

ಸಹಾಯ ಅಂದ ಕೂಡಲೇ ಜೆರ್ಸಿ ಹೊಲಿಸುವ ಆತುರ ಬೇಡ. ಪಿ.ಟಿ. ಮೇಷ್ಟ್ರ ಜತೆ ಅರ್ಧ ಗಂಟೆ ಕೂತು ಏನಿದೆ, ಏನಿಲ್ಲ ಅಂತ ಬರೆದುಕೊಳ್ಳಿ. ಮಕ್ಕಳನ್ನೂ ಬೇರೆಯಾಗಿ ಕೇಳಿ, ಅವರ ಪಟ್ಟಿ ಬೇರೆಯೇ ಇರುತ್ತದೆ. ಎಷ್ಟೋ ಸಲ ಕೊರತೆ ಇರುವುದು ಚೆಂಡಿಗೆ ಗಾಳಿ ತುಂಬುವ ಸೂಜಿಗೆ, ಹರಿದ ನೆಟ್ಟಿಗೆ, ಇಲ್ಲವೇ ಸಂಜೆ ಐದರ ನಂತರ ಸಾಮಾನಿನ ಕೋಣೆಯ ಬೀಗ ತೆಗೆಯುವವರಿಗೆ. ಆ ಕೀಲಿಯ ಹೊಣೆ ಹೊತ್ತವರು ದೊಡ್ಡ ದಾನಿಗಿಂತ ಕಡಿಮೆಯಲ್ಲ.

ಮೈದಾನ ಹದಮಾಡುವುದು

ಒಂದು ರಜಾದಿನ ಹತ್ತು ಜನ ಸಿಕ್ಕರೆ ಸಾಕು. ಒಬ್ಬರ ಪಕ್ಕ ಒಬ್ಬರು ತೋಳಳತೆಯಲ್ಲಿ ಸಾಲಾಗಿ ನಿಂತು, ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ನಡೆಯಿರಿ. ಕಲ್ಲು, ಗಾಜಿನ ಚೂರು, ಮುಳ್ಳು ಎಲ್ಲವನ್ನೂ ಚೀಲಕ್ಕೆ ಹಾಕಿ. ತಿರುಗಿ ಬರುವಾಗ ಅಡ್ಡಡ್ಡ ನಡೆಯಿರಿ, ಮೊದಲ ಸಲ ಕಣ್ತಪ್ಪಿದ್ದು ಆಗ ಸಿಗುತ್ತದೆ. ಗುಂಡಿಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ದಮ್ಮಸು ಹೊಡೆಯಿರಿ. ಸಡಿಲ ಮಣ್ಣು ಬಿಟ್ಟರೆ ಪಾದ ಹೊರಳಿಸುವುದು ಅದೇ ಗುಂಡಿ.

ಅಂಕಣ ಹಾಕುವಾಗ ಕಣ್ಣಂದಾಜು ನಂಬಬೇಡಿ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಮೂಲೆಯಿಂದ ಮೂಲೆಗೆ 20.12 ಮೀಟರ್. ಈ ಮೂರನೇ ಅಳತೆಯೇ ಗುಟ್ಟು. ಮೊದಲು 18 ಮೀಟರ್ ದೂರಕ್ಕೆ ಎರಡು ಗೂಟ ಹೊಡೆಯಿರಿ. ಒಂದು ಗೂಟದಿಂದ 9 ಮೀಟರ್ ಹಗ್ಗ, ಇನ್ನೊಂದರಿಂದ 20.12 ಮೀಟರ್ ಹಗ್ಗ ಬಿಗಿಯಾಗಿ ಎಳೆಯಿರಿ. ಎರಡೂ ತುದಿ ಕೂಡಿದಲ್ಲಿ ಮೂರನೇ ಗೂಟ. ಹಗ್ಗಗಳನ್ನು ಅದಲುಬದಲು ಮಾಡಿ ನಾಲ್ಕನೆಯದು. ಮೂರನೇ ಮತ್ತು ನಾಲ್ಕನೇ ಗೂಟದ ನಡುವೆ ಸರಿಯಾಗಿ 18 ಮೀಟರ್ ಬಂದರೆ ಮೂಲೆಗಳು ನೇರವಾಗಿವೆ ಎಂದರ್ಥ. ಅಂಕಣದ ನಾಲ್ಕೂ ಕಡೆ ಕನಿಷ್ಠ 3 ಮೀಟರ್ ಖಾಲಿ ಜಾಗ ಇರಲಿ. ನೆಟ್ಟಿನ ಕಂಬಗಳನ್ನು ತಂತಿ ಎಳೆದು ನಿಲ್ಲಿಸಬೇಡಿ, ಚೆಂಡಿನ ಹಿಂದೆ ಓಡುವ ಮಗುವಿಗೆ ಆ ತಂತಿ ಕಾಣುವುದಿಲ್ಲ.

ಗೆರೆಗೆ ಸುಟ್ಟ ಸುಣ್ಣದ ಪುಡಿ ಖಂಡಿತ ಬೇಡ. ಬಿದ್ದಾಗ ಕಣ್ಣಿಗೆ ಹೋದರೆ ಕಣ್ಣನ್ನೇ ಸುಡುತ್ತದೆ. ಸೀಮೆಸುಣ್ಣದ ಪುಡಿ ಬಳಸಿ.

ಕಲಿಸುವವರು

ಹಳೆಯ ಚಾಂಪಿಯನ್ನೇ ಬೇಕು ಅಂತ ಕಾಯಬೇಡಿ. ಕೀನ್ಯಾದ ಇಟೆನ್ ಎಂಬ ಊರಿನ ಸೇಂಟ್ ಪ್ಯಾಟ್ರಿಕ್ ಹೈಸ್ಕೂಲಿಗೆ 1976ರಲ್ಲಿ ಐರ್ಲೆಂಡಿನಿಂದ ಬಂದ ಬ್ರದರ್ ಕಾಲಮ್ ಓ'ಕಾನಲ್ ಭೂಗೋಳ ಪಾಠ ಮಾಡುವ ಮೇಷ್ಟ್ರು. ಓಟದ ತರಬೇತಿ ಅವರಿಗೆ ಗೊತ್ತಿರಲಿಲ್ಲ. ಮಕ್ಕಳನ್ನು ನೋಡುತ್ತಾ ಕಲಿತರು. ಅವರ ಕೈಯಲ್ಲಿ ಪಳಗಿದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ನಿಮ್ಮೂರಲ್ಲೂ ಕಾಲೇಜಿನ ದಿನಗಳಲ್ಲಿ ಆಡಿದವರು ಇದ್ದೇ ಇರುತ್ತಾರೆ. ವಾರಕ್ಕೆ ಎರಡು ಸಂಜೆ ಕೊಡಿ ಅಂತ ಅವರ ಮನೆಗೆ ಹೋಗಿ ಕೇಳಿ. ಶಾಲೆಯ ಒಪ್ಪಿಗೆ ಪಡೆದು, ಪಿ.ಟಿ. ಮೇಷ್ಟ್ರ ಮಾತಿನಂತೆ ಅವರು ನಡೆಯಲಿ. ಒಬ್ಬರೇ ದೊಡ್ಡವರು ಮಕ್ಕಳ ಜತೆ ಇರುವಂತಾಗಬಾರದು. ಯಾವಾಗಲೂ ಇಬ್ಬರಿರಲಿ.

ಬಿಸಿಲು ಮತ್ತು ಪೆಟ್ಟು

ರಜೆ ಮುಗಿಸಿ ಬಂದ ಮಕ್ಕಳ ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಮೊದಲ ದಿನವೇ ದಣಿಸಬೇಡಿ. ನೀರು ಕುಡಿಯಲು ಆಟ ನಿಲ್ಲಿಸುವುದು ಮೈಗಳ್ಳತನವಲ್ಲ. ಬಿಸಿಲಲ್ಲಿ ಆಡುವಾಗ ಮಗು ತಡವರಿಸಿ ಮಾತಾಡಿದರೆ, ಕುಸಿದರೆ, ಆಂಬುಲೆನ್ಸ್‌ಗೆ ಫೋನ್ ಮಾಡುತ್ತಲೇ ನೆರಳಿಗೆ ತಂದು ಮೈಯೆಲ್ಲ ತಣ್ಣೀರಲ್ಲಿ ತೋಯಿಸಿ. ವಾಹನ ಬರುವವರೆಗೆ ಕಾಯಬೇಡಿ, ಮೈ ತಣ್ಣಗಾಗುವುದೇ ಮೊದಲ ಚಿಕಿತ್ಸೆ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ತಲೆಗೆ ಪೆಟ್ಟಾದ ಮಗು, ನನಗೇನೂ ಆಗಿಲ್ಲ ಅಂದರೂ, ತಲೆಸುತ್ತು, ವಾಂತಿ, ಮರೆವು ಕಂಡರೆ ಆ ದಿನ ಮತ್ತೆ ಅಂಕಣಕ್ಕೆ ಇಳಿಯಕೂಡದು. ಫೈನಲ್ ಆದರೂ ಸರಿ. ವೈದ್ಯರು ನೋಡಲಿ. ಇದರಲ್ಲಿ ಚೌಕಾಸಿ ಮಾಡಬಾರದು ಎಂಬುದು ನನ್ನ ಗಟ್ಟಿ ಮಾತು.

ಹೆಣ್ಣುಮಕ್ಕಳು ಬಿಡುವುದೇಕೆ?

ಒಂಬತ್ತು, ಹತ್ತನೇ ತರಗತಿಗೆ ಬರುವಷ್ಟರಲ್ಲಿ ಚೆನ್ನಾಗಿ ಆಡುವ ಹುಡುಗಿಯರೇ ತಂಡ ಬಿಡುವುದನ್ನು ಕಂಡಿದ್ದೇನೆ. ಆಸಕ್ತಿ ಹೋಯಿತು ಅಂತ ಜನ ಹೇಳುತ್ತಾರೆ. ಹತ್ತಿರ ಕೂತು ಕೇಳಿದರೆ ಕಾರಣ ಬೇರೆ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇಲ್ಲ, ಮೈದಾನದ ಹತ್ತಿರ ಶೌಚಾಲಯ ಇಲ್ಲ, ಕತ್ತಲಾದ ಮೇಲೆ ಮನೆಗೆ ಹೋಗಲು ಜತೆಯಿಲ್ಲ. ಮೂರಕ್ಕೂ ಊರಿನ ಬಳಿ ಪರಿಹಾರವಿದೆ. ಒಂದೇ ದಾರಿಯ ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ವಾರಕ್ಕೆ ಒಂದೆರಡು ದಿನ ಮಾತ್ರ ಒಬ್ಬೊಬ್ಬರ ಪಾಳಿ. ಪರ ಊರಿನ ಪಂದ್ಯಕ್ಕೆ ಹೋಗುವಾಗ ತಂಡದ ಜತೆ ಒಬ್ಬ ಹೆಂಗಸು ಇರಲೇಬೇಕು.

ದುಡ್ಡು

ತಂಡಕ್ಕೆಂದು ಕೂಡಿಸಿದ ಹಣವನ್ನು ಇಬ್ಬರ ಸಹಿಯಿಲ್ಲದೆ ತೆಗೆಯುವಂತಿರಬಾರದು. ತಿಂಗಳಿಗೊಮ್ಮೆ ಜಮಾ ಖರ್ಚನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ. ಹಣ ಕೊಟ್ಟವರ ಮಗನಿಗೆ ತಂಡದಲ್ಲಿ ಜಾಗ ಎಂಬ ಮಾತು ಒಮ್ಮೆ ಹುಟ್ಟಿದರೆ ಉಳಿದ ಮಕ್ಕಳ ಮನಸ್ಸು ಒಡೆಯುತ್ತದೆ. ಆಟಗಾರರ ಆಯ್ಕೆ ಮೇಷ್ಟ್ರಿಗೆ ಬಿಡಿ.

ಗೆರೆಯ ಆಚೆ ನಿಂತವರು

ಪಂದ್ಯಕ್ಕೆ ಬಂದು ರೆಫರಿಯನ್ನು ಬೈಯುವುದು ಬೆಂಬಲವಲ್ಲ. ಅಪ್ಪ ಕೂಗಾಡುವಾಗ ಅಂಕಣದೊಳಗಿನ ಮಗ ತಲೆ ತಗ್ಗಿಸಿ ತನ್ನ ಶೂ ನೋಡುತ್ತಾನೆ, ಗಮನಿಸಿ. ಚಪ್ಪಾಳೆ ಹೊಡೆಯಿರಿ, ಹೆಸರು ಹಿಡಿದು ಹುರಿದುಂಬಿಸಿ. ಬೆಂಚಿನಲ್ಲೇ ಕೂತು ಬಂದ ಮಗುವನ್ನೂ ಮಾತಾಡಿಸಿ. ಸೋತ ತಂಡ ರಾತ್ರಿ ವಾಪಸಾಗುವಾಗ ಶಾಲೆಯ ಗೇಟಿನ ಬಳಿ ನಾಲ್ಕು ಜನರಾದರೂ ಇರಲಿ. ಪಂದ್ಯದ ವಿಶ್ಲೇಷಣೆ ಅಲ್ಲಿ ಬೇಡ, ಎಲ್ಲರೂ ಊಟ ಮಾಡಿದ್ದಾರಾ, ಮನೆ ಸೇರಿದರಾ ಅಂತ ನೋಡಿದರಾಯಿತು.

ಅಂಕಣ ಹಾಕಿದ ಹಗ್ಗಗಳಿಗೆ ಅಳತೆಯ ಜಾಗದಲ್ಲಿ ಬಣ್ಣದ ದಾರ ಕಟ್ಟಿ ಸಾಮಾನಿನ ಕೋಣೆಯಲ್ಲಿಡಿ. ಮಳೆ ಬಂದು ಗೆರೆ ಅಳಿಸಿದಾಗ ಇಬ್ಬರು ಹಿಡಿದರೆ ಸಾಕು, ಮಕ್ಕಳು ಬರುವಷ್ಟರಲ್ಲಿ ಅಂಕಣ ಸಿದ್ಧವಿರುತ್ತದೆ.