ಗಿನಿ ಪಿಗ್ ಕೆರೆದುಕೊಂಡರೆಲ್ಲ ಹುಳವಲ್ಲ

ಮೊಮ್ಮಗಳು ಹಟ ಮಾಡಿ ತರಿಸಿಕೊಂಡ ಗಿನಿ ಪಿಗ್‌ಗಳು ಅವಳು ಹಾಸ್ಟೆಲ್ ಸೇರಿದ ಮೇಲೆ ನನ್ನ ಪಾಲಿಗೆ ಬಂದವು. ಮೊದಮೊದಲು ಅವು ಕಾಲೆತ್ತಿ ಕೆರೆದುಕೊಂಡರೆ ಸಾಕು, ನನಗೆ ಎದೆ ಧಸಕ್ ಅನ್ನುತ್ತಿತ್ತು. ಈಗ ನೋಡಿದರೆ ಗೊತ್ತಾಗುತ್ತದೆ.

ಸುಮ್ನೆ ಕೆರೆಯುವುದು ಹೇಗಿರುತ್ತದೆ ಅಂದರೆ, ಹಿಂಗಾಲಿನಿಂದ ಕಿವಿಯ ಹಿಂದೆ ಎರಡು ಸಲ ಪರಪರ, ಆಮೇಲೆ ಆ ಬೆರಳನ್ನೇ ನೆಕ್ಕಿಕೊಂಡು ಮತ್ತೆ ಹುಲ್ಲಿಗೆ ಬಾಯಿ. ಕಣ್ಣಿಂದ ಹಾಲಿನಂಥ ನೀರು ಬಂದರೆ ಗಾಬರಿ ಬೇಡ, ಅದರಲ್ಲೇ ಮುಖ ತೊಳೆದುಕೊಳ್ಳುತ್ತವೆ. ಕಿವಿಯ ಹಿಂದಿನ ಬೋಳು ಜಾಗವೂ ಹುಟ್ಟಿನಿಂದ ಬಂದದ್ದೇ. ಇದ್ದಕ್ಕಿದ್ದಂತೆ ನಿಂತಲ್ಲೇ ಪುಟಪುಟ ಎಗರಿದರೆ ಅದು ಖುಷಿ, ತುರಿಕೆಯಲ್ಲ.

ತಿನ್ನುವುದನ್ನು ಅರ್ಧಕ್ಕೇ ಬಿಟ್ಟು ಕೆರೆದುಕೊಂಡರೆ ಮಾತ್ರ ಎಚ್ಚರವಾಗಿ. ಬೆನ್ನು ಕಚ್ಚಿಕೊಳ್ಳುತ್ತದೆ, ಕೈ ಇಟ್ಟರೆ ಕಿರುಚುತ್ತದೆ. ಭುಜ, ಬೆನ್ನು, ತೊಡೆಯ ಒಳಭಾಗದಲ್ಲಿ ಕೂದಲು ಉದುರಿ ಚರ್ಮ ದಪ್ಪಗಾಗಿ ಹೊಟ್ಟು ಏಳುತ್ತದೆ. ಇದು ಚರ್ಮ ಕೊರೆಯುವ ನುಸಿಯ ಕೆಲಸ. ಜೋರಾದರೆ ಮೂರ್ಛೆ ಬಂದಂತೆ ಒದ್ದಾಡುವುದೂ ಉಂಟು. ಆಗ ನಾಳೆ ನೋಡೋಣ ಅನ್ನಬೇಡಿ.

ಈ ನುಸಿ ಕಣ್ಣಿಗೆ ಕಾಣುವುದಿಲ್ಲ. ಹೇನು ಕಾಣುತ್ತದೆ. ಕಿಟಕಿ ಬೆಳಕಲ್ಲಿ ಕೂತು ಸೊಂಟದ ಮೇಲಿನ ಕೂದಲನ್ನು ಎದುರು ದಿಕ್ಕಿಗೆ ಬಿಡಿಸಿ. ಒಂದು ಮಿಲಿಮೀಟರಿನಷ್ಟು ಸಣ್ಣ, ತಿಳಿ ಬಣ್ಣದ್ದು ಸರಸರ ಓಡಿದರೆ ಹೇನು. ಕೂದಲಿಗೆ ಅಂಟಿಕೊಂಡು ಉಜ್ಜಿದರೂ ಬರದಿದ್ದರೆ ಸೀರು. ನಾನು ಕಪ್ಪು ಬಟ್ಟೆ ಹಾಸಿ ಹಳೇ ಸೀರಣಿಗೆಯಲ್ಲಿ ಬಾಚುತ್ತೇನೆ. ಬಿದ್ದ ಹೊಟ್ಟು ನಡೆಯುವುದಿಲ್ಲ, ಹೇನು ನಡೆಯುತ್ತದೆ, ಅಷ್ಟೇ ಲೆಕ್ಕ. ಅದರ ಹೇನು ನಮ್ಮ ತಲೆಗೆ ಹತ್ತುವುದಿಲ್ಲ. ಕೊರೆಯುವ ನುಸಿಯಿಂದ ಎತ್ತಿಕೊಂಡವರ ಕೈ ನಾಲ್ಕು ದಿನ ತುರಿಸಬಹುದು.

ಮೂಗು, ಕಣ್ಣಿನ ಸುತ್ತ ದುಂಡಗೆ ಕೂದಲು ಹೋಗಿ ಹೊಟ್ಟು ಕಟ್ಟಿದ್ದರೆ ಅದು ಹುಳುಕಡ್ಡಿ. ಹೆಸರಲ್ಲಿ ಹುಳ ಇದ್ದರೂ ಅದು ಬೂಷ್ಟು, ಮನುಷ್ಯರಿಗೂ ಹರಡುತ್ತದೆ, ಮಕ್ಕಳನ್ನು ದೂರವಿಡಿ. ಹೆಣ್ಣು ಪಿಗ್ಗಿಗೆ ಕೆರೆತವೇ ಇಲ್ಲದೆ ಎರಡೂ ಪಕ್ಕೆ ಬೋಳಾದರೆ ಅಂಡಾಶಯದಲ್ಲಿ ನೀರುಗುಳ್ಳೆ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹೊಸದೊಂದನ್ನು ತಂದು ಅವತ್ತೇ ಗೂಡಿಗೆ ಬಿಟ್ಟೆ. ಕೆಲವೇ ವಾರದಲ್ಲಿ ಎಲ್ಲವಕ್ಕೂ ಕೆರೆತ. ಮಕ್ಕಳ ತಲೆಗೆ ಮಾಡಿದ್ದೇ ಇಲ್ಲೂ ಆಗುತ್ತದೆ ಅಂತ ಬೇವಿನೆಣ್ಣೆ ಸವರಿದೆ. ಪಾಪ, ಜಿಡ್ಡು ಹಿಡಿದು ನಡುಗುತ್ತಾ, ಅದನ್ನೇ ನೆಕ್ಕುತ್ತಾ ಕೂತವು. ನುಸಿಗೆ ಏನೂ ಆಗಲಿಲ್ಲ. ಕರ್ಪೂರ, ಫಿನಾಯಿಲ್, ನಾಯಿಯ ಉಣ್ಣೆಗೆ ಹಾಕುವ ಹನಿ, ಇವುಗಳಂತೂ ಬೇಡವೇ ಬೇಡ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರೆ ಅದರ ಕರುಳು ಕೆಟ್ಟು ಜೀವವೇ ಹೋಗಬಹುದು.

ಡಾಕ್ಟರು ಸಾಮಾನ್ಯವಾಗಿ ಕೊಡುವುದು ನುಸಿ, ಹೇನು ಸಾಯಿಸುವ ಐವರ್‌ಮೆಕ್ಟಿನ್ ಔಷಧಿ, ಅದೂ ತೂಕ ನೋಡಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿಕೊಂಡು ಹೋಗಿ. ಚರ್ಮ ಕೆರೆದು ನೋಡಿದಾಗ ನುಸಿ ಸಿಗದಿದ್ದರೂ ಲಕ್ಷಣ ನೋಡಿಯೇ ಔಷಧಿ ಕೊಡುತ್ತಾರೆ, ಅದು ಸರಿಯೇ. ಒಂದಕ್ಕೆ ಬಂದರೆ ಗೂಡಿನ ಎಲ್ಲವಕ್ಕೂ ಹಾಕಿಸಿ. ಹಾಸಿದ್ದನ್ನು ಬಿಸಾಕಿ, ಬಟ್ಟೆಯಾದರೆ ಬಿಸಿನೀರಲ್ಲಿ ಒಗೆಯಿರಿ. ಉಗುರು ಕತ್ತರಿಸಿ, ಗಾಯ ಕಡಿಮೆಯಾಗುತ್ತದೆ. ಸಿ ಜೀವಸತ್ವ ಅವುಗಳ ಮೈಯಲ್ಲಿ ತಯಾರಾಗುವುದಿಲ್ಲ, ನಮ್ಮ ಹಾಗೇ ಅಲ್ವಾ. ದಿನಾ ಒಂದು ಚೂರು ದೊಣ್ಣೆಮೆಣಸಿನಕಾಯಿ ಕೊಡಿ.

ಮೊದಲ ಡೋಸಿಗೆ ಕೆರೆತ ತಗ್ಗುತ್ತದೆ, ಆದರೆ ಹುಳದ ಮೊಟ್ಟೆ ಸಾಯುವುದಿಲ್ಲ. ಎರಡನೇ ಡೋಸು ಯಾವತ್ತು ಅಂತ ಡಾಕ್ಟರನ್ನು ಕೇಳಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಡಿ.